ಮುದ್ರಿತ ನಾದ ಮತ್ತು ಅರ್ಪಣೆ

ವಿಜಯಪುರ ಸೀಮೆಯನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ತನ್ನ ‘ಕಿತಾಬ್-ಎ-ನವರಸ್’ ಕೃತಿಯಲ್ಲಿ ಸರಸ್ವತಿ, ಗಣಪತಿ ಹಾಗೂ ಕಲಬುರಗಿಯ ಬಂದೇನವಾಜರನ್ನು ಸ್ತುತಿಸಿ, ಆ ಗೀತೆಗಳನ್ನು ರಾಗಗಳಿಗೆ ಹೊಂದಿಸಿದನಾದರೂ, ಅವನ್ನು ಹಾಡಿದ ಕಂಠಗಳು ಅಡಗಿ ಇಂದು ಪಠ್ಯ ಮಾತ್ರ ಉಳಿದಿದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ದೇವರಿಗೆ ಅರ್ಪಿಸಿದ ‘ಎ ಲವ್ ಸುಪ್ರೀಮ್’ ಕೃತಿಯನ್ನು 1965ರಲ್ಲಿ ಸಿಯಾಟಲ್‌ನ ಜಾಝ್ ಕ್ಲಬ್ಬೊಂದರಲ್ಲಿ ನುಡಿಸಿದಾಗ ಆದ ಧ್ವನಿಮುದ್ರಣವಾದರೋ, ಆತ 1967ರಲ್ಲಿ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, 2021ರಲ್ಲಿ ಬಿಡುಗಡೆಯಾಯಿತು. ಒಂದು ಗಳಿಗೆಗೆ ಸೇರಿದ ಅರ್ಪಣೆ ಮರುಕೇಳಿಕೆಯಲ್ಲಿಯೂ ಅರ್ಪಣೆಯಾಗಿ ಉಳಿಯುವುದೇ? ನಾದವನ್ನೇ ಪರತತ್ತ್ವವೆಂದು ಕಾಣುವ ನಾದಬ್ರಹ್ಮ ಸಿದ್ಧಾಂತವು ಆಘಾತದಿಂದ ಹುಟ್ಟಿ ಕಿವಿಗೆ ಕೇಳಿಸುವ ಆಹತನಾದವನ್ನೂ, ಯೋಗಿಯ ಅಂತರಂಗಕ್ಕೆ ಮಾತ್ರ ಗೋಚರವಾಗುವ ಅನಾಹತನಾದವನ್ನೂ ಬೇರ್ಪಡಿಸುತ್ತದೆ. ಟೇಪು ಕಾಯುವುದು ಮೊದಲನೆಯದನ್ನು ಮಾತ್ರವಾದ್ದರಿಂದ, ಅರ್ಪಿಸುವ ಭಾವವನ್ನು ಪ್ರತಿಯೊಬ್ಬ ಕೇಳುಗನೂ ತನ್ನ ಶ್ರದ್ಧೆಯಿಂದಲೇ ಹೊಸದಾಗಿ ಕೂಡಿಸಬೇಕಾಗುತ್ತದೆ, ಮತ್ತು ಆ ಅವಕಾಶ ಇಬ್ರಾಹಿಮನ ಗೀತೆಗಳ ಕೇಳುಗರಿಗೆ ದಕ್ಕದೇ ಹೋದದ್ದು ನಿಜಕ್ಕೂ ದೊಡ್ಡ ನಷ್ಟ.