ಹಟ್ಟಿಯ ಆಸರೆ ಮತ್ತು ಹೆಣ್ಣಿನ ಮಾತು

ನೆಮ್ಮದಿ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದೆಂಬ ನಂಬಿಕೆಯನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲೇ ಅಲುಗಿಸಿದ. ಆತ್ಮಹತ್ಯೆಯ ಅಂಕಿಅಂಶಗಳನ್ನು ಪರಿಶೀಲಿಸಿದ ಆತ, ಬಳಗದ ನಂಟು ಸಡಿಲವಾದಲ್ಲಿ ಬದುಕುವ ಬಲ ಕುಗ್ಗುತ್ತದೆ ಎಂದ. ಆ ನಂಟು ವ್ಯಕ್ತಿಯನ್ನೇ ನುಂಗುವಷ್ಟು ಬಿಗಿಯಾದರೂ ಅಪಾಯವೇ ಎಂದ. ಈ ಎರಡನೆಯ ಮಾತನ್ನು ನಾವು ಬೇಗ ಮರೆಯುತ್ತೇವೆ. ತುಮಕೂರು, ಗುಬ್ಬಿ, ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳನ್ನು ನೋಡಿದರೆ ಎರಡೂ ನಿಜವೆಂದು ತಿಳಿಯುತ್ತದೆ. ಕುರಿ, ದನ ಕಾಯ್ದು ಬದುಕಿದ ಈ ಜನಕ್ಕೆ ಜುಂಜಪ್ಪ ದೇವರೂ ಹೌದು, ತಮ್ಮವನೇ ಆದ ವೀರನೂ ಹೌದು. ಗಣೆ ಎಂಬ ಬಿದಿರ ಕೊಳಲಿನ ನಾದದೊಂದಿಗೆ ಅವನ ಕಥೆ ಕೇಳುತ್ತ ಬೆಳೆದ ಮಗುವಿಗೆ ತಾನು ಯಾರ ಪೈಕಿ ಎಂಬ ಪ್ರಶ್ನೆ ಕಾಡುವುದಿಲ್ಲ. ಬಡತನದಲ್ಲೂ ತಲೆಯೆತ್ತಿ ನಿಲ್ಲುವ ಬಲ ಅಲ್ಲಿಂದ ಬರುತ್ತದೆ. ಆದರೆ ಅಮೆರಿಕದ ಅಲ್ಪಸಂಖ್ಯಾತ ಹದಿಹರೆಯದವರನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಜೀನ್ ಫಿನ್ನಿ ಒಂದು ಸೂಕ್ಷ್ಮ ಕಂಡರು: ಕುಲದ ಗುರುತನ್ನು ತಾವೇ ಪ್ರಶ್ನಿಸಿ, ಅರಿತು ಒಪ್ಪಿಕೊಂಡವರ ಮನಸ್ಸು ಉಳಿದವರಿಗಿಂತ ಗಟ್ಟಿಯಾಗಿರುತ್ತದೆ.

ಹಟ್ಟಿಯ ಹೆಣ್ಣಿಗೆ ಪ್ರಶ್ನಿಸುವ ಈ ಅವಕಾಶ ಎಷ್ಟಿದೆ? 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಊರಾಚೆಯ ಗುಡಿಸಲಿನಲ್ಲಿ ಬಾಣಂತಿಯನ್ನು ಇರಿಸಿದ್ದರು. ಮಳೆ, ಚಳಿಗೆ ಹಸುಗೂಸು ಕಾಯಿಲೆ ಬಿದ್ದು ತೀರಿಕೊಂಡಿತು. ಇದೇ ಸಮುದಾಯದ, ಚಳ್ಳಕೆರೆ ಸೀಮೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಕಾಪಿಟ್ಟಿದ್ದರು. ಕುಲದ ನೆನಪನ್ನು ಹೊರುವವಳೇ ಹೆರಿಗೆಯಾದೊಡನೆ ಕುಲದ ಹೊರಗೆ! ಸಮುದಾಯ ಭಾವವನ್ನು 1986ರಲ್ಲಿ ವಿವರಿಸಿದ ಮನೋವಿಜ್ಞಾನಿಗಳಾದ ಮೆಕ್‌ಮಿಲನ್ ಮತ್ತು ಚಾವಿಸ್, ಸದಸ್ಯತ್ವದ ಜೊತೆಗೇ ಗುಂಪಿನಲ್ಲಿ ನಮ್ಮ ಮಾತು ನಡೆಯಬೇಕೆಂಬುದನ್ನೂ ಸೇರಿಸಿದರು. ಈ ಬಾಣಂತಿ ಹಟ್ಟಿಯ ಸದಸ್ಯೆ, ಆದರೆ ಅವಳ ಮಾತು ಅಲ್ಲಿ ನಡೆಯುವುದಿಲ್ಲ. ಆಸರೆ ಹೊರೆಯಾಗುವುದು ಇಲ್ಲೇ.

ಈ ಸೂತಕವನ್ನು ಹೆಂಗಸರೇ ಒಪ್ಪಿ ಆಚರಿಸುತ್ತಾರೆ, ಅದು ಅವರಿಗೆ ಬಿಡುವೂ ಹೌದು ಎಂಬ ವಾದವಿದೆ. ಹಾಗಿದ್ದರೆ ಒಲ್ಲೆ ಎಂದವಳಿಗೆ ದೇವರ ಮುನಿಸಿನ ಭಯ, ಊರಿನ ನಿಂದೆ ಕಾದಿರಬಾರದಿತ್ತು. ಹೊರಗಿನವರ ಟೀಕೆ ಸಮುದಾಯವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಮಾತ್ರ ತೂಕವಿದೆ. ಅವಮಾನಕ್ಕೊಳಗಾದ ಗುಂಪು ತನ್ನ ಗುರುತಿನ ಎಲ್ಲವನ್ನೂ, ಕೆಟ್ಟದ್ದನ್ನೂ, ಅಪ್ಪಿಕೊಳ್ಳುತ್ತದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಬೇಕೇಬೇಕು, ಆದರೆ ಗುಡಿಸಲು ಕೆಡವಿದಷ್ಟು ಸುಲಭವಾಗಿ ಭಯವನ್ನು ಕೆಡವಲಾಗದು. ಜುಂಜಪ್ಪನನ್ನು ಉಳಿಸಿಕೊಂಡೇ ಸೂತಕವನ್ನು ಬಿಡಬಹುದು. ಆ ಮಾತು ಹಟ್ಟಿಯೊಳಗಿನಿಂದಲೇ ಬರಬೇಕು. ಹಟ್ಟಿಯ ಹಿರಿಯರೇ, ಮುಂದಿನ ಕೂಟದಲ್ಲಿ ಬಾಣಂತಿಯರನ್ನೂ ಕೂರಿಸಿಕೊಳ್ಳಿ, ಮೊದಲು ಅವರ ಮಾತು ಕೇಳಿ.