ಸದುದ್ದೇಶವೊಂದೇ ಸಾಕೇ?

ದೂರದ ಒಂದು ಹಳ್ಳಿಯಲ್ಲಿ ಬಾವಿ ತೋಡಿಸಲು ನೀವು ಹಣ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಉದ್ದೇಶ ಶುದ್ಧವಾಗಿತ್ತು. ಫಲಕದ ಮೇಲೆ ನಿಮ್ಮ ಹೆಸರು ಕೂಡ ಬೇಡವೆಂದಿರಿ. ಎರಡು ವರ್ಷಗಳ ಬಳಿಕ ಅದರ ಪಂಪು ಕೆಟ್ಟಿತು. ರಿಪೇರಿ ಬಲ್ಲವರು ಆ ಊರಲ್ಲಿಲ್ಲ, ಬಿಡಿಭಾಗ ಸಿಗುವುದಿಲ್ಲ. ಹೆಂಗಸರು ಮತ್ತೆ ಕೊಡ ಹಿಡಿದು ಹಳೆಯ ಕೆಸರು ಹೊಂಡಕ್ಕೇ ಹೊರಟರು. ಈಗ ಹೇಳಿ, ಹಣ ಕೊಟ್ಟ ದಿನವೇ ನಿಮ್ಮ ಹೊಣೆ ಮುಗಿದಿತ್ತೇ?

ಉದ್ದೇಶ ಶುದ್ಧವಾಗಿರಬೇಕೆಂದು ನಾವು ಬಾಲ್ಯದಿಂದಲೇ ಕೇಳುತ್ತಾ ಬಂದಿದ್ದೇವೆ. ಅದು ನಿಜ. ಆದರೆ ಶುದ್ಧ ಉದ್ದೇಶವು ಸತ್ಕಾರ್ಯದ ಆರಂಭವೇ ಹೊರತು ಅದರ ಮುಕ್ತಾಯವಲ್ಲ. ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ.

ದಕ್ಷಿಣ ಆಫ್ರಿಕಾದಲ್ಲಿ 'ಪ್ಲೇಪಂಪ್' ಎಂಬ ಸಾಧನವೊಂದು ರೂಪುಗೊಂಡಿತು. ಮಕ್ಕಳು ಆಟದ ಚಕ್ರವನ್ನು ತಿರುಗಿಸಿದಂತೆ ಕೊಳವೆ ಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಮಕ್ಕಳಿಗೆ ಆಟ, ತಾಯಂದಿರಿಗೆ ನೀರು! ಕೇಳಿದವರೆಲ್ಲ ಮೆಚ್ಚಿದರು. 2006ರಲ್ಲಿ ಅಮೆರಿಕದ ಸರಕಾರ ಮತ್ತು ದತ್ತಿ ಸಂಸ್ಥೆಗಳು 1 ಕೋಟಿ 64 ಲಕ್ಷ ಡಾಲರುಗಳ ನೆರವು ಘೋಷಿಸಿದವು. 2010ರೊಳಗೆ 4,000 ಪಂಪುಗಳ ಗುರಿ ಹಾಕಿಕೊಳ್ಳಲಾಯಿತು. ಆದರೆ ಮಕ್ಕಳು ಇಡೀ ದಿನ ಆಡುತ್ತಾರೆಯೇ? ಅವರಿಗೆ ಬೇಸರವಾದಾಗ ಆ ಭಾರದ ಚಕ್ರವನ್ನು ಹೆಂಗಸರೇ ಕೈಯಿಂದ ತಿರುಗಿಸಬೇಕಾಯಿತು. ಕೆಲವೆಡೆ ಅದಕ್ಕಾಗಿ ಮೊದಲಿದ್ದ ಕೈಪಂಪನ್ನೇ ತೆಗೆಯಲಾಗಿತ್ತು. ಹೇಳಿದಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾದೀತು ಎಂದು 2009ರಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದು ಲೆಕ್ಕ ಹಾಕಿ ತೋರಿಸಿತು. ಇಲ್ಲಿ ಯಾರದೂ ದುರುದ್ದೇಶವಿರಲಿಲ್ಲ. ನೀರು ಹೊರುವ ಹೆಂಗಸರನ್ನು ಮೊದಲು ಕೇಳಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೇ.

ಈ ವಿಚಾರದಲ್ಲಿ ಕೆನಡಾದ ವಿದ್ಯಾರ್ಥಿಗಳಿಂದ ಕಲಿಯುವಂತಹದ್ದಿದೆ. ಜಾರ್ಜ್ ರೋಟರ್ ಮತ್ತು ಪಾರ್ಕರ್ ಮಿಚೆಲ್ ಎಂಬ ಇಬ್ಬರು ಯುವ ಎಂಜಿನಿಯರರು 2000ದಲ್ಲಿ ಅಲ್ಲಿ 'ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್' ಎಂಬ ಸಂಘಟನೆಯನ್ನು ಕಟ್ಟಿದರು. ಹಲವಾರು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಅದಕ್ಕೆ ಸೇರಿ, ಆಫ್ರಿಕಾದ ಹಳ್ಳಿಗಳಿಗೆ ಹೋದರು. ಮಲಾವಿ ದೇಶದಲ್ಲಿ ಅವರು ಕಂಡದ್ದನ್ನು ಆ ಸಂಘಟನೆಯ ಡೇವಿಡ್ ಡ್ಯಾಂಬರ್ಗರ್ 2011ರಲ್ಲಿ ಬಹಿರಂಗವಾಗಿ ಹೇಳಿದರು. ಅಲ್ಲಿ ಕೆನಡಾ ಸರಕಾರದ ನೆರವಿನಿಂದ ಹಾಕಿದ ನಳ್ಳಿಗಳು ಕೆಟ್ಟು ನಿಂತಿದ್ದವು. ಅದಕ್ಕೂ ಮೊದಲು ಅಮೆರಿಕದ ನೆರವಿನಿಂದ ಹಾಕಿದ್ದ ಅದೇ ಬಗೆಯ ನಳ್ಳಿಗಳು ಪಕ್ಕದಲ್ಲೇ ಕೆಟ್ಟು ಬಿದ್ದಿದ್ದವು! ಕಟ್ಟುವುದಕ್ಕೆ ಹಣವಿತ್ತು, ಕಾಪಾಡುವುದಕ್ಕೆ ಇರಲಿಲ್ಲ. ಮೊದಲಿನವರ ತಪ್ಪನ್ನು ಯಾರೂ ಹೇಳಿರಲಿಲ್ಲ, ಆದ್ದರಿಂದ ನಂತರದವರು ಕಲಿಯಲಿಲ್ಲ.

2008ರಿಂದ ಆ ಸಂಘಟನೆ ತನ್ನ ಸ್ವಂತ ವೈಫಲ್ಯಗಳ ವರದಿಯನ್ನು ಪ್ರಕಟಿಸತೊಡಗಿತು. ದಾನಿಗಳ ಮುಂದೆ ಸಾಧನೆಗಳ ಪಟ್ಟಿಯನ್ನಷ್ಟೇ ಇಡುವುದು ವಾಡಿಕೆಯಾಗಿರುವಾಗ, ಇಲ್ಲಿ ನಾವು ತಪ್ಪಿದೆವು ಎಂದು ಬರೆದು ಕೊಡುವುದು ಸಣ್ಣ ಮಾತಲ್ಲ. ಪರರ ಹಣವು ಅಮಾನತ್ತು ಎಂದು ನಂಬುವವರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಯುವಕರು ಅಷ್ಟಕ್ಕೇ ನಿಲ್ಲಲಿಲ್ಲ. ದೋಷವಿರುವುದು ಪಂಪಿನಲ್ಲಿ ಮಾತ್ರವಲ್ಲ, ನೆರವು ನೀಡುವ ರೀತಿಯಲ್ಲೂ ಇದೆ ಎಂದು ಅವರಿಗೆ ಮನವರಿಕೆಯಾಯಿತು. ತಮ್ಮ ಸಂಸದರನ್ನು ಕಂಡು, ನೆರವು ಹೆಚ್ಚಬೇಕು ಮಾತ್ರವಲ್ಲ, ಉತ್ತಮವೂ ಆಗಬೇಕೆಂದು ವಾದಿಸಿದರು. ಶ್ರೀಮಂತ ದೇಶಗಳು ಎಷ್ಟೋ ಬಾರಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಂಪಡೆಯುತ್ತವೆ. ನೆರವಿನ ಹಣದಿಂದ ನಮ್ಮ ದೇಶದ ಸರಕನ್ನೇ ಕೊಳ್ಳಬೇಕೆಂಬ ಷರತ್ತು ಅಂತಹದ್ದು. ಇದರ ವಿರುದ್ಧ ಹಲವರು ದನಿಯೆತ್ತಿದ ಮೇಲೆ, ಕೆನಡಾವು 2005ರಲ್ಲಿ ಆಹಾರ ನೆರವಿನ ಅರ್ಧ ಭಾಗಕ್ಕೆ ಈ ಷರತ್ತನ್ನು ಸಡಿಲಿಸಿ, 2008ರಲ್ಲಿ ಪೂರ್ತಿ ತೆಗೆದುಹಾಕಿತು. ಆದರೆ ರಾಷ್ಟ್ರೀಯ ಆದಾಯದ 0.7 ಶೇಕಡಾವನ್ನು ಬಡ ದೇಶಗಳಿಗೆ ನೀಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಇಟ್ಟ ಗುರಿಯನ್ನು ಕೆನಡಾ ಇನ್ನೂ ತಲುಪಿಲ್ಲ.

'ಓದುವ ಮಕ್ಕಳಿಗೆ ಈ ರಾಜಕೀಯವೇಕೆ?' ಎಂದು ನೀವು ಕೇಳಬಹುದು. ಹೆತ್ತವರ ಈ ಅಂಜಿಕೆ ನಿರಾಧಾರವಲ್ಲ. ಯಾರದೋ ಘೋಷಣೆಗೆ ದನಿಗೂಡಿಸಿ ವರ್ಷ ಕಳೆದುಕೊಂಡ ಮಕ್ಕಳನ್ನು ನಾವು ಕಂಡಿದ್ದೇವೆ. ಆದರೆ ಹೋಗಿ ನೋಡಿ, ಅಳೆದು, ತನ್ನ ತಪ್ಪನ್ನೂ ಒಪ್ಪಿಕೊಂಡು, ಆಮೇಲೆ ಅಧಿಕಾರದಲ್ಲಿರುವವರ ಮುಂದೆ ವಿನಯದಿಂದಲೂ ದೃಢವಾಗಿಯೂ ಸತ್ಯ ಹೇಳುವುದು ಬೇರೆಯೇ. ಅದು ಅವನು ಕಲಿತ ವಿದ್ಯೆಯ ಋಣ. ಬಾವಿ ತೋಡುವುದು ಒಂದು ಊರಿನ ದಾಹ ತಣಿಸೀತು. ತಪ್ಪು ನೀತಿಯೊಂದು ತಿದ್ದಲ್ಪಟ್ಟರೆ ಅದರ ಫಲ ನೂರು ಊರುಗಳಿಗೆ ದಕ್ಕೀತು.

ಸದಕಾ ಜಾರಿಯಾ ಎಂಬ ಆಸೆಯಿಂದ ಬಾವಿಗೆ, ಬೋರ್‌ವೆಲ್‌ಗೆ ಹಣ ಕೊಡುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಮುಂದಿನ ಬಾರಿ ಕೊಡುವಾಗ ಕೇಳಿ: ನೀರನ್ನು ಪರೀಕ್ಷೆ ಮಾಡಿಸಿದ್ದೀರಾ? ಸ್ಥಳವನ್ನು ಆರಿಸಿದವರು ಯಾರು? ಕೆಟ್ಟರೆ ರಿಪೇರಿಗೆ ಯಾರಿದ್ದಾರೆ? ಒಂದು ವರ್ಷದ ಬಳಿಕ ಮತ್ತೆ ವಿಚಾರಿಸಿ. ಎಂಜಿನಿಯರಿಂಗ್ ಓದುವ ನಿಮ್ಮ ಮಗನನ್ನೋ ಮಗಳನ್ನೋ ಒಮ್ಮೆ ಅಲ್ಲಿಗೆ ಕಳಿಸಿ, ಕೊಡ ಹೊರುವ ತಾಯಂದಿರೊಡನೆ ಮಾತಾಡಿ ಬರಲಿ. ನೀರು ಬರುತ್ತಿಲ್ಲವೆಂದು ಅವರು ಬಂದು ಹೇಳಿದರೆ ಗದರಿಸಬೇಡಿ. ಸರಿಪಡಿಸಲು ಅವರೊಂದಿಗೆ ನೀವೂ ಹೊರಡಿ.