ಬಯಲು ಎಂದು ಬರೆದ ಕಡೆ ಜನ ಇದ್ದಾರೆ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಕೊಲ್ಲುವ ಕೆಲಸಕ್ಕೆ ಮೂರಕ್ಷರದ ಒಂದು ಹೆಸರಿಟ್ಟು ಕೂತರೆ, ಹೆಸರಿಟ್ಟವನು ಆ ಕೊಲೆಯ ಹೊಣೆಯಿಂದ ಎಷ್ಟು ದೂರ ಹೋದಂತಾಯ್ತು?

ಇದು ಬರೀ ಭಾಷಾಶಾಸ್ತ್ರದವರ ಪ್ರಶ್ನೆ ಅಲ್ಲ. ಹೆಸರು ಇಡಿಸಿಕೊಂಡವರ ಪ್ರಶ್ನೆ. ಈ ನಾಡಿನಲ್ಲಿ ನಮಗೆ ನಾವೇ ಹೆಸರಿಟ್ಟುಕೊಂಡದ್ದು ಕಡಿಮೆ. ಬೇರೆಯವರು ಇಟ್ಟ ಹೆಸರನ್ನ ಹೊತ್ತು ತಿರುಗಿದ್ದೇ ಹೆಚ್ಚು. ಆದ್ದರಿಂದ ಒಂದು ಹೆಸರಿನೊಳಗೆ ಏನೇನು ಬಚ್ಚಿಡಬಹುದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಕ್ಷಿಪಣಿಯನ್ನು ಕ್ಷಿಪಣಿಯಿಂದ ತಡೆಯುವ ವಿದ್ಯೆಗೆ ಅದರದ್ದೇ ಒಂದು ಭಾಷೆ ಇದೆ. ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಭಾಷೆ. ಬಿ.ಎಂ.ಡಿ., ಎ.ಬಿ.ಎಂ., ಥಾಡ್, ಇ.ಕೆ.ವಿ. ಹೀಗೆ. ಆರ್.ವಿ. ಅಂದರೆ ಆಕಾಶದಾಚೆ ಹೋಗಿ ಮತ್ತೆ ಗಾಳಿಯ ಹೊದಿಕೆಯೊಳಗೆ ಇಳಿದು ಬರುವ ವಾಹನ. ವಾಹನ ಅಂದಾಕ್ಷಣ ನಮಗೆ ಬಸ್ಸು ಲಾರಿ ನೆನಪಾಗುತ್ತೆ. ಅದರಲ್ಲಿ ಕೂತು ಬರೋದು ಅಣುಬಾಂಬು. 'ಕೌಂಟರ್‌ವ್ಯಾಲ್ಯೂ' ಅಂದರೆ ಶತ್ರುವಿಗೆ ಬೆಲೆಬಾಳುವಂಥದರ ಮೇಲಿನ ಏಟು. ಬೆಲೆಬಾಳುವಂಥದು ಅಂದರೆ ಪಟ್ಟಣ, ಪಟ್ಟಣದೊಳಗಿನ ಜನ. 'ಲೀಕೇಜ್' ಅಂದರೆ ತಡೆಗೆ ಸಿಗದೆ ನುಸುಳಿ ಬಂದದ್ದು. ಸೋರೋದು ಅಂದರೆ ಮಳೆಗಾಲದ ಗುಡಿಸಲು ಅಂತ ಮಾತ್ರ ತಿಳಿದವರು ನಾವು. ಇಲ್ಲಿ ಒಂದು ಹನಿ ಸೋರಿದರೆ ಒಂದು ಊರು ಹೋಗುತ್ತೆ.

ಇನ್ನೂ ಒಂದು ವಿಚಿತ್ರ ನೋಡಿ. ಇ.ಕೆ.ವಿ. ಎಂಬುದರ ನಡುವಿನ ಅಕ್ಷರದ ಅರ್ಥ ಕೊಲ್ಲುವುದು. ವಾಯುಮಂಡಲದ ಆಚೆ ಕೊಲ್ಲುವ ವಾಹನ ಅದು. ಆದರೆ ಅಲ್ಲಿ ಅದು ಕೊಲ್ಲೋದು ಇನ್ನೊಂದು ಆಯುಧವನ್ನು. ಈ ಭಾಷೆಯಲ್ಲಿ 'ಕೊಲ್ಲು' ಎಂಬ ಕ್ರಿಯಾಪದ ಯಂತ್ರಕ್ಕೆ ಮೀಸಲು. ಯಂತ್ರ ಮುರಿದರೆ ಸಾವು. ಮನುಷ್ಯ ಸತ್ತರೆ 'ಕೊಲ್ಯಾಟರಲ್ ಡ್ಯಾಮೇಜ್', ಅಂದರೆ ಪಕ್ಕದಲ್ಲಾದ ನಷ್ಟ. ಜೀವ ಇಲ್ಲದ್ದಕ್ಕೆ ಸಾವನ್ನು ಕೊಟ್ಟು, ಜೀವ ಇರುವವರಿಂದ ಸಾವನ್ನೂ ಕಿತ್ತುಕೊಂಡ ಭಾಷೆ ಇದು.

ಕೆರೊಲ್ ಕೋನ್ ಎಂಬ ಅಮೆರಿಕದ ಹೆಂಗಸು 1984ರ ಬೇಸಗೆಯಲ್ಲಿ ಈ ವಿದ್ಯೆಯ ಪಂಡಿತರ ನಡುವೆ ಹೋಗಿ ಕೂತು ಈ ಭಾಷೆ ಕಲಿತರು. 1987ರಲ್ಲಿ ಅದರ ಬಗ್ಗೆ ಒಂದು ಲೇಖನ ಬರೆದರು. ಅವರು ಹೇಳೋದು ಇಷ್ಟು: ಈ ಭಾಷೆ ಕಲಿಯದಿದ್ದರೆ ಪಂಡಿತರು ನಿಮ್ಮ ಮಾತಿಗೆ ಕಿವಿ ಕೊಡೋಲ್ಲ. ಕಲಿತರೋ, ನೀವು ಕೇಳಬೇಕಂತ ಇದ್ದ ಪ್ರಶ್ನೆ ಆ ಭಾಷೆಯಲ್ಲಿ ಕೇಳಲಿಕ್ಕೇ ಬರೋಲ್ಲ. ಯಾಕೆಂದರೆ ಅಲ್ಲಿ ಎಲ್ಲ ಲೆಕ್ಕವೂ ಆಯುಧದ ಕಡೆಯಿಂದ. ಮನುಷ್ಯನ ಕಡೆಯಿಂದ ಎಣಿಸುವ ಮಾತೇ ಇಲ್ಲ. ಶಾಂತಿ ಅನ್ನೋ ಪದ ಕೂಡ ಅಲ್ಲಿಲ್ಲ. ಮಂತ್ರ ಬಾರದವನು ಹೊಸ್ತಿಲ ಹೊರಗೆ ನಿಲ್ಲಬೇಕು, ಮಂತ್ರ ಬಂದವನು ಹೊಸ್ತಿಲ ಹೊರಗಿನವರನ್ನ ಮರೀಬೇಕು. ಈ ಏರ್ಪಾಟು ನಮಗೆ ಹೊಸದಲ್ಲ.

ಇದಕ್ಕೆ ಒಂದು ಎದುರು ಮಾತಿದೆ. ಅದನ್ನ ಕೇಳದೆ ಮುಂದೆ ಹೋಗೋದು ನ್ಯಾಯವಲ್ಲ. ಪ್ರತಿ ಕಸುಬಿಗೂ ಅದರ ಒಳಮಾತು ಇರುತ್ತೆ. ಚಪ್ಪಲಿ ಹೊಲಿಯುವವನಿಗೆ ಉಳಿ, ರಂಪಿಗೆ. ನೇಯುವವನಿಗೆ ಲಾಳಿ, ಹಾಸು, ಹೊಕ್ಕು. ಹೊರಗಿನವರಿಗೆ ತಿಳಿಯದು ಅಂತ ಅದು ಮೋಸವಾಗುತ್ತದೆಯೇ? ಖಂಡಾಂತರ ಕ್ಷಿಪಣಿ ಹೊರಟು ಬಂದು ಬೀಳಲಿಕ್ಕೆ ಅರ್ಧ ಗಂಟೆ ಸಾಕು. ಹತ್ತಿರದ್ದಾದರೆ ಕೆಲವೇ ನಿಮಿಷ. ರೇಡಾರ್ ಮುಂದೆ ಕೂತ ಸಿಪಾಯಿ ಆಗ ಉದ್ದುದ್ದ ವಾಕ್ಯ ಹೇಳುತ್ತಾ ಕೂರಲಾದೀತೆ? ಅವನಿಗೆ ಚಿಕ್ಕ ಮಾತೇ ಬೇಕು.

ಒಪ್ಪೋಣ. ಅವಸರಕ್ಕೆ ಚುಟುಕು ಮಾಡಿದ ಮಾತಿನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಕಸುಬಿನ ಮಾತು ಕೈಯನ್ನ ವಸ್ತುವಿನ ಹತ್ತಿರ ತರುತ್ತೆ. ರಂಪಿಗೆ ಅಂದಾಗ ಚರ್ಮ ಕಣ್ಣಿಗೆ ಕಟ್ಟುತ್ತೆ, ಕೈಗೆ ಅದರ ಒರಟು ತಾಗುತ್ತೆ. 'ಕೌಂಟರ್‌ವ್ಯಾಲ್ಯೂ' ಅಂದಾಗ ಯಾವ ಮಗುವಿನ ಮುಖ ಕಣ್ಣಿಗೆ ಕಟ್ಟುತ್ತೆ? ಆ ಮಾತನ್ನು ಕಟ್ಟಿದವರು ಅರ್ಧ ಗಂಟೆಯ ಅವಸರದಲ್ಲಿರಲಿಲ್ಲ. ತಂಪಾದ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದರು. ಅವಸರ ಸಿಪಾಯಿಯದು, ಮರೆ ಮಾತ್ರ ಯಜಮಾನನದು.

ಸಿಪಾಯಿಗೂ ಈ ಮಾತು ಆಸರೆಯಾಗೋಲ್ಲ ಅನ್ನೋದಕ್ಕೆ ಧಹ್ರಾನ್ ಸಾಕ್ಷಿ. ಪೇಟ್ರಿಯಟ್ ಅಂದರೆ ದೇಶಭಕ್ತ. ಅದೂ ಮೊದಲಕ್ಷರಗಳನ್ನ ಎಳೆದು ತಂದು ಜೋಡಿಸಿ ಮಾಡಿದ ಹೆಸರೇ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ 42 ಸ್ಕಡ್‌ಗಳಲ್ಲಿ 41ನ್ನ ಪೇಟ್ರಿಯಟ್ ತಡೆಯಿತು ಅಂತ ಅಮೆರಿಕದ ಅಧ್ಯಕ್ಷ ಬುಷ್ ಫೆಬ್ರವರಿ 15ರಂದು ಹೇಳಿದರು. ಹತ್ತು ದಿನ ಕಳೆದು, ಫೆಬ್ರವರಿ 25ರ ರಾತ್ರಿ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಒಂದು ಸ್ಕಡ್ ಸೈನಿಕರ ವಸತಿ ಮೇಲೆ ಬಿತ್ತು. 28 ಮಂದಿ ಸತ್ತರು. ನೂರು ಗಂಟೆ ಸತತ ಓಡಿದ್ದ ಪೇಟ್ರಿಯಟ್ ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು ತಪ್ಪಿತ್ತು. ಅಷ್ಟಕ್ಕೇ ಅದು ಆಕಾಶದ ತಪ್ಪು ಮೂಲೆಯಲ್ಲಿ ಹುಡುಕಿತು. ಸರಿಪಡಿಸಿದ ಲೆಕ್ಕ ಅಲ್ಲಿಗೆ ಮುಟ್ಟಿದ್ದು ಮಾರನೇ ದಿನ. ಸತ್ತವರಲ್ಲಿ 13 ಮಂದಿ ನೀರು ಶುದ್ಧ ಮಾಡುವ ತುಕಡಿಯವರು. ಮುಂದೆ ಈ 'ತಡೆಯಿತು' ಅನ್ನೋ ಮಾತಿನ ಅರ್ಥ ಕೇಳಿದಾಗ ಸೇನೆಯ ಕಡೆಯಿಂದ ಬಂದ ವಿವರಣೆ ಏನು ಗೊತ್ತೇ? ಎರಡರ ದಾರಿಗಳು ಆಕಾಶದಲ್ಲಿ ಒಂದನ್ನೊಂದು ಹಾಯ್ದವು ಅಂತ! ಹಾಗಾದರೆ ದಾರಿಯಲ್ಲಿ ಎದುರು ಸಿಕ್ಕ ಕಳ್ಳನಿಗೆ ನಮಸ್ಕಾರ ಹೇಳಿ ಬಂದರೂ ಕಳ್ಳನನ್ನ ತಡೆದ ಹಾಗೇ ಆಯ್ತು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಗುರಾಣಿ ಕತ್ತಿಯಲ್ಲವಲ್ಲ? ಬೀಳುವ ಬಾಂಬನ್ನು ತಡೆಯೋದು ಪುಣ್ಯದ ಕೆಲಸವೇ ತಾನೆ?

ಅಣುಬಾಂಬಿನ ಪಂಡಿತರು ಇದಕ್ಕೆ ವಿರುದ್ಧವಾದ ಒಂದು ವಾದ ಕಟ್ಟಿದ್ದರು. ಎರಡೂ ಕಡೆಯ ಜನ ಬೆತ್ತಲೆ ನಿಂತಿದ್ದರೆ ಯಾರೂ ಮೊದಲ ಕಲ್ಲು ಬೀಸೋಲ್ಲ. ಒಬ್ಬ ಗುರಾಣಿ ಹಿಡಿದರೆ ಇನ್ನೊಬ್ಬ ಇನ್ನಷ್ಟು ಕತ್ತಿ ಮಸೀತಾನೆ ಅಂತ. ಪರಸ್ಪರ ಖಚಿತ ವಿನಾಶ ಎಂಬ ಆ ನೀತಿಯನ್ನು ಹಂಗಿಸಲಿಕ್ಕೆ ಡೊನಾಲ್ಡ್ ಬ್ರೆನನ್ ಎಂಬಾತ ಮೊದಲಕ್ಷರ ಜೋಡಿಸಿ 'ಮ್ಯಾಡ್' ಅಂತ ಕರೆದ. ಹುಚ್ಚು ಅನ್ನೋ ಬೈಗುಳವೇ ನೀತಿಯ ಹೆಸರಾಗಿ ನಿಂತಿತು. 1972ರ ಮೇ ತಿಂಗಳಲ್ಲಿ ನಿಕ್ಸನ್, ಬ್ರೆಜ್ನೆವ್ ಮಾಸ್ಕೋದಲ್ಲಿ ಎ.ಬಿ.ಎಂ. ಒಪ್ಪಂದಕ್ಕೆ ರುಜು ಹಾಕಿ ಗುರಾಣಿಗೆ ಮಿತಿ ಹಾಕಿಕೊಂಡರು. ಅಂದರೆ ಎರಡು ದೇಶಗಳ ಜನರನ್ನು ಒತ್ತೆಯಾಗಿ ಇಟ್ಟರು. ಒತ್ತೆ ಬಿದ್ದವರನ್ನ ಯಾರೂ ಕೇಳಲಿಲ್ಲ. 1983ರ ಮಾರ್ಚ್ 23ರಂದು ರೇಗನ್ ಎದ್ದು, ಸೇಡಿಗಿಂತ ರಕ್ಷಣೆ ಮೇಲು ಅಂತ ಎಸ್.ಡಿ.ಐ. ಘೋಷಿಸಿದಾಗ ಅನೇಕ ಒಳ್ಳೆಯ ಮನಸ್ಸಿನವರೂ ತಲೆಯಾಡಿಸಿದ್ದರೆ ಆಶ್ಚರ್ಯವಿಲ್ಲ. 2002ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಗೇ ನಡೆಯಿತು.

ನಮ್ಮ ಮಾತು ಇದು: ಬೆತ್ತಲೆ ನಿಲ್ಲಿಸಿದ್ದೂ ಕೇಳದೆ, ಗುರಾಣಿ ಹಿಡಿದದ್ದೂ ಕೇಳದೆ. ಗುರಾಣಿ ಪುಣ್ಯವೋ ಪಾಪವೋ ಅನ್ನುವ ಮೊದಲು ಅದರ ನೆರಳು ಯಾರ ಮೇಲೆ ಬೀಳುತ್ತೆ ಅಂತ ಕೇಳಬೇಕು. ಅಮೆರಿಕ 1975ರಲ್ಲಿ ಉತ್ತರ ಡಕೋಟಾದಲ್ಲಿ 'ಸೇಫ್‌ಗಾರ್ಡ್' ಎಂಬ ಗುರಾಣಿ ನಿಲ್ಲಿಸಿತು; 1976ರಲ್ಲಿ ಮುಚ್ಚಿತು. ಅದು ಕಾಯುತ್ತಿದ್ದದ್ದು ಯಾರನ್ನ? ನೆಲದೊಳಗೆ ಹೂತಿಟ್ಟ ಅಣು ಕ್ಷಿಪಣಿಗಳನ್ನ. ಬಾಂಬುಗಳಿಗೇ ಅಂಗರಕ್ಷಕರು! ಅವರ ಶಾಸ್ತ್ರದಲ್ಲಿ ಡಿ.ಎ.ಎಲ್. ಅನ್ನೋ ಒಂದು ಪಟ್ಟಿ ಉಂಟು. ಕಾಯಬೇಕಾದ ಸ್ವತ್ತುಗಳ ಪಟ್ಟಿ. ತಡೆಯುವ ಕ್ಷಿಪಣಿಗಳು ಯಾವತ್ತೂ ಎಲ್ಲರಿಗೂ ಆಗುವಷ್ಟು ಇರೋಲ್ಲ, ಹಾಗಾಗಿ ಯಾವುದು ಪಟ್ಟಿಯೊಳಗೆ, ಯಾವುದು ಹೊರಗೆ ಅಂತ ಮೊದಲೇ ಬರೆದಿಡುತ್ತಾರೆ. ಪಟ್ಟಿ ಮಾಡೋದು ತಪ್ಪಲ್ಲ. ಪಟ್ಟಿಯ ಹೊರಗೆ ಬಿದ್ದವರಿಗೆ ತಾವು ಹೊರಗಿದ್ದೇವೆ ಅಂತ ಗೊತ್ತಾಗದ ಹಾಗೆ ಮೂರಕ್ಷರದಲ್ಲಿ ಮುಚ್ಚಿಡೋದು ತಪ್ಪು.

ಹೊರಗೆ ಬಿದ್ದವರು ಯಾರು ಅಂತ ನೋಡಲಿಕ್ಕೆ ಇಸ್ರೇಲಿನ ನೆಗೆವ್ ಮರಳುಗಾಡಿಗೆ ಹೋಗಬೇಕು. 2011ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಗುರಾಣಿಯ ಹೆಸರು ಐರನ್ ಡೋಮ್, ಕಬ್ಬಿಣದ ಗುಮ್ಮಟ. ರಾಕೆಟ್ ಎಲ್ಲಿ ಬೀಳುತ್ತೆ ಅಂತ ಅದರ ಯಂತ್ರ ಲೆಕ್ಕ ಹಾಕುತ್ತೆ. ಊರ ಮೇಲಾದರೆ ತಡೆಯುತ್ತೆ, 'ಬಯಲು ಪ್ರದೇಶ'ವಾದರೆ ಬೀಳಲಿಕ್ಕೆ ಬಿಡುತ್ತೆ. ಒಳ್ಳೆಯ ಲೆಕ್ಕವೇ. ಆದರೆ ಬಯಲು ಯಾವುದು ಅಂತ ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ನೆಗೆವ್‌ನಲ್ಲಿ ಬೆಡೂಯಿನ್ ಅರಬರ ಎಷ್ಟೋ ಹಳ್ಳಿಗಳನ್ನ ಸರ್ಕಾರ ಹಳ್ಳಿ ಅಂತ ಒಪ್ಪಿಕೊಂಡೇ ಇಲ್ಲ. ಹತ್ತಾರು ಸಾವಿರ ಜನ, ಅದೇ ದೇಶದ ಪ್ರಜೆಗಳು, ತಗಡಿನ ಮನೆಗಳಲ್ಲಿ ಇದ್ದಾರೆ. ಕಾಗದದಲ್ಲಿ ಹಳ್ಳಿಯೇ ಇಲ್ಲ. ಕಾಗದದಲ್ಲಿ ಇಲ್ಲದ್ದು ಯಂತ್ರದ ಕಣ್ಣಿಗೂ ಇಲ್ಲ. ಅದು ಬಯಲು. 2014ರ ಜುಲೈನಲ್ಲಿ ಡಿಮೋನಾ ಹತ್ತಿರದ ಅಂಥ ಒಂದು ಕಡೆ ರಾಕೆಟ್ ಬಿದ್ದು ಒಬ್ಬ ಸತ್ತ. ನಮಗೂ ರಕ್ಷಣೆ ಕೊಡಿ ಎಂಬ ಅರ್ಜಿಯನ್ನ ಅಲ್ಲಿನ ಸುಪ್ರೀಂ ಕೋರ್ಟು ಮನ್ನಿಸಲಿಲ್ಲ. 2024ರ ಏಪ್ರಿಲ್‌ನಲ್ಲಿ ಇರಾನ್ ಮುನ್ನೂರಕ್ಕೂ ಹೆಚ್ಚು ಡ್ರೋನ್, ಕ್ಷಿಪಣಿ ಹಾರಿಸಿದ ರಾತ್ರಿ ನೂರಕ್ಕೆ 99ರಷ್ಟು ತಡೆದೆವು ಅಂತ ಇಸ್ರೇಲ್ ಹೇಳಿತು. ಆ ರಾತ್ರಿ ಆಕಾಶದಿಂದ ಬಿದ್ದ ಚೂರಿನಿಂದ ತೀವ್ರ ಗಾಯವಾದದ್ದು ಏಳು ವರ್ಷದ ಒಬ್ಬ ಬೆಡೂಯಿನ್ ಹುಡುಗಿಗೆ. ಅವಳ ಮನೆ ಇದ್ದದ್ದೂ ಹೆಸರಿಲ್ಲದ ಹಳ್ಳಿಯಲ್ಲೇ.

ಊರು ಒಂದು ಕಡೆ, ಕೇರಿ ಒಂದು ಕಡೆ ಇದ್ದ ನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕೇ? ಜನ ಇರುವ ಕಡೆ 'ಬಯಲು' ಅಂತ ಬರೆದ ಕೈ ಯಾರನ್ನೂ ಹೊಡೆಯಲಿಲ್ಲ. ಬೈಯಲೂ ಇಲ್ಲ. ಒಂದು ಪದ ಬರೆಯಿತು ಅಷ್ಟೆ.

ಗುರಾಣಿಯನ್ನ ಪರೀಕ್ಷೆ ಮಾಡಲಿಕ್ಕೂ ಒಂದು ಬಯಲು ಬೇಕು. ಅಮೆರಿಕಕ್ಕೆ ಅದು ಸಿಕ್ಕಿದ್ದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ, ಕ್ವಾಜಲೀನ್‌ನಲ್ಲಿ. 1960ರ ದಶಕದ ನಡುವೆ ಅಲ್ಲಿನ ನಡುಗಡ್ಡೆಗಳ ಜನರನ್ನ ಎಬ್ಬಿಸಿ, ಕ್ಷಿಪಣಿ ಬೀಳಲಿಕ್ಕೆ 'ಮಧ್ಯದ ಓಣಿ' ಮಾಡಿದರು. ಎಬ್ಬಿಸಿದವರನ್ನ ಎಬೆಯೆ ಎಂಬ ಗಡ್ಡೆಗೆ ತಂದರು. ಸುಮಾರು 80 ಎಕರೆ ನೆಲ. 2011ರ ಜನಗಣತಿಯಲ್ಲಿ 9,600ಕ್ಕೂ ಮಿಕ್ಕಿ ಜನ. ಎಬೆಯೆಯವರು ದೋಣಿ ಹತ್ತಿ ಕ್ವಾಜಲೀನಿಗೆ ಕೂಲಿಗೆ ಹೋಗಬೇಕು, ಕೆಲಸ ಮುಗಿಸಿ ಹಿಂತಿರುಗಬೇಕು. ಅಲ್ಲಿ ವಾಸಕ್ಕೆ ಜಾಗವಿಲ್ಲ. 1982ರಲ್ಲಿ ಸುಮಾರು ಸಾವಿರ ಮಂದಿ ಹಾಯಿ ಬಿಚ್ಚಿ ತಮ್ಮ ಗಡ್ಡೆಗಳಿಗೆ ವಾಪಸು ಹೋಗಿ ಬೀಡುಬಿಟ್ಟು, ಇದು ನಮ್ಮ ಮನೆ ಅಂತ ಕೂತರು.

ನಮ್ಮ ದೇಶವೇನೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿಸಿದ್ದನ್ನ ಸರ್ಕಾರ 'ಶಾಂತಿಯುತ ಅಣುಸ್ಫೋಟ' ಅಂತ ಕರೆಯಿತು. ಅದಕ್ಕೆ ಅಂಟಿದ ಇನ್ನೊಂದು ಹೆಸರು 'ನಗುವ ಬುದ್ಧ'. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನ ಯಾರ ಕಡೆ ಕರೆದುಕೊಂಡು ಹೋದರೋ ಆ ಬುದ್ಧನ ನಗುವನ್ನೇ ಬಾಂಬಿಗೆ ಹಚ್ಚಿದರು. 2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ದೇಶದ ಗುರಾಣಿಗೆ 'ಸುದರ್ಶನ ಚಕ್ರ' ಅಂತ ಹೆಸರು ಸಾರಲಾಯಿತು. ಪುರಾಣದಲ್ಲಿ ಅದು ಶಿಶುಪಾಲನ ತಲೆ ತೆಗೆದ ಆಯುಧ. ಗುರಾಣಿಗೆ ಕತ್ತಿಯ ಹೆಸರಿಟ್ಟವರು ಅಷ್ಟರಮಟ್ಟಿಗೆ ನಿಜ ಹೇಳಿದ್ದಾರೆ ಅನ್ನಬೇಕು.

ಒಡಿಶಾದ ಚಾಂದಿಪುರದ ಪರೀಕ್ಷಾ ನೆಲೆಗೆ ಐ.ಟಿ.ಆರ್. ಅಂತಾರೆ. ಮೊದಲು ಅದರ ಐ ಅಂದರೆ 'ತಾತ್ಕಾಲಿಕ', ಆಮೇಲೆ 'ಸಮಗ್ರ'. ಅಮೆರಿಕದ ಥಾಡ್‌ನ ಮೊದಲಕ್ಷರದ ಅರ್ಥವೂ 2004ರಲ್ಲಿ ಹೀಗೇ ಬದಲಾಯ್ತು. ಹೊರಗಿನ ಅಕ್ಷರ ಹಾಗೇ ಇರುತ್ತೆ, ಒಳಗಿನ ಮಾತು ಯಾವಾಗ ತಿರುಗಿತೋ ಜನಕ್ಕೆ ತಿಳಿಯೋಲ್ಲ. ಆದರೆ ಅದೇ ಬಾಲಸೋರ್ ಜಿಲ್ಲೆಯ ಬಲಿಯಾಪಾಲದ ಕಥೆ ಬೇರೆ. 1980ರ ದಶಕದ ನಡುವೆ ಅಲ್ಲಿ ರಾಷ್ಟ್ರೀಯ ಪರೀಕ್ಷಾ ನೆಲೆ ಮಾಡ್ತೀವಿ ಅಂತ ಸರ್ಕಾರ ಹೊರಟಾಗ, ವೀಳ್ಯದೆಲೆ ಬೆಳೆಯುವವರು, ಮೀನು ಹಿಡಿಯುವವರು ದಾರಿಗೆ ಅಡ್ಡಗಟ್ಟೆ ಹಾಕಿದರು. ಅಧಿಕಾರಿಗಳ ಜೀಪು ಕಂಡರೆ ಶಂಖ ಊದಿ, ತಟ್ಟೆ ಬಡಿದು ಊರೂರನ್ನ ಎಬ್ಬಿಸಿದರು. ಆ ನೆಲೆ ಅಲ್ಲಿ ಬರಲೇ ಇಲ್ಲ. ಅವರು ಯಾವ ಮೊದಲಕ್ಷರವನ್ನೂ ಕಲಿಯಲಿಲ್ಲ. 'ರೇಂಜ್' ಅನ್ನೋ ಮಾತನ್ನ ತಮ್ಮ ಮಾತಿಗೆ ತಂದುಕೊಂಡರು: ನಮ್ಮ ಎಲೆಬಳ್ಳಿ ಹೋಗುತ್ತೆ, ನಮ್ಮ ಕಡಲು ಹೋಗುತ್ತೆ, ಅಂತ.

ಮೊದಲು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಬಲಿಯಾಪಾಲದವರ ಉತ್ತರವೇ. ಹೆಸರಿಟ್ಟವನು ಹೊಣೆಯಿಂದ ಒಂದು ಗೇಣೂ ದೂರ ಹೋಗಿರೋಲ್ಲ. ಕೊಂದವನಿಗೆ ಕೊಲೆಯ ಹೊಣೆ ಒಂದೇ; ಮರೆ ಕಟ್ಟಿಕೊಟ್ಟವನಿಗೆ, ಆ ಮರೆಯಲ್ಲಿ ನಡೆದದ್ದೆಲ್ಲದರ ಹೊಣೆ. ಮರೆಯೊಳಗೆ ಏನಿದೆ ಅಂತ ಕೇಳದೆ ಆ ಹೆಸರನ್ನೇ ಜಪಿಸುತ್ತಾ ಬರುವ ಪತ್ರಿಕೆಯವರು, ಮೇಷ್ಟ್ರುಗಳು, ನಾವು, ಎಲ್ಲರಿಗೂ ಅದರಲ್ಲಿ ಪಾಲುಂಟು. ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಈ ಗುರಾಣಿಗಳ ರೇಡಾರ್ ಕೆಲಸ ನಡೆಯುತ್ತೆ. ಅಲ್ಲಿಗೆ ನಮ್ಮ ಮನೆಯ ಮಕ್ಕಳೂ ಓದಿ, ಕಷ್ಟಪಟ್ಟು ಕೆಲಸಕ್ಕೆ ಸೇರಿದ್ದಾರೆ, ಸೇರುತ್ತಾರೆ. ಅವರಿಗೆ ಕೆಲಸ ಬಿಡಿ ಅಂತ ನಾವು ಹೇಳೋಲ್ಲ. ಒಂದು ಮಾತು ಕೇಳುತ್ತೇವೆ. ದಿನಾ ಬರೆಯುವ ಆ ಮೂರಕ್ಷರವನ್ನ ಒಂದು ಸಂಜೆ ಮನೆಯಲ್ಲಿ ಅವ್ವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿ. ಅವಳು 'ಬಯಲು ಅಂದ್ಯಲ್ಲಪ್ಪಾ, ಅಲ್ಲಿ ಯಾರೂ ಇಲ್ವಾ?' ಅಂತ ಕೇಳಿಯೇ ಕೇಳ್ತಾಳೆ. ಆ ಪ್ರಶ್ನೆಯನ್ನ ಮಾರನೇ ದಿನ ಕೆಲಸದ ಕಡೆ ತಗೊಂಡು ಹೋಗಿ.